ಸಂಜೆಯ ಬೆಲೆ ನೋಡಿ ಬೆಳಗಿನ ಖರೀದಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸಂತೋಷವೂ ಹಾಗೇ. ಷೇರು ವ್ಯವಹಾರಕ್ಕೆ ಇವೆರಡೂ ಆಗಿಬರುವುದಿಲ್ಲ ಎಂಬುದು ಕೈ ಸುಟ್ಟುಕೊಂಡ ಮೇಲೆ ಗೊತ್ತಾಯಿತು. ಏರಿದ್ದನ್ನು ಹೆದರಿ ಮಾರುತ್ತಿದ್ದೆ, ಇಳಿದದ್ದನ್ನು ಹಟಕ್ಕೆ ಇಟ್ಟುಕೊಳ್ಳುತ್ತಿದ್ದೆ. ಕೊನೆಗೆ, ನಿರ್ಧಾರ ನನ್ನ ಕೈಯಲ್ಲಿರುವುದೇ ಬೇಡ, ನಿಯಮ ಬರೆದು ಕಂಪ್ಯೂಟರಿಗೆ ಒಪ್ಪಿಸಿಬಿಡೋಣ ಎಂದುಕೊಂಡೆ. ಚಿತ್ತಾಪುರದ ಕಾಲೇಜಿನಲ್ಲಿ ಗಣಿತ ಹೇಳುವವಳು ನಾನು. ನಾಲ್ಕು ಸಾಲು ಕೋಡ್ ಬರೆಯಲು ಹೆದರಿದರೆ ಹೇಗೆ?

ದಿನಾ ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರೈಲಿನಲ್ಲಿ ಕುಳಿತು ನಿಯಮಗಳನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಷೇರಿನ ಸಂಜೆಯ ಬೆಲೆ ಹಿಂದಿನ ಇಪ್ಪತ್ತು ದಿನಗಳ ಎಲ್ಲ ಬೆಲೆಗಳನ್ನೂ ದಾಟಿತೋ, ಕೊಳ್ಳಬೇಕು. ಹಿಂದಿನ ಹತ್ತು ದಿನಗಳ ಎಲ್ಲ ಬೆಲೆಗಳಿಗಿಂತ ಕೆಳಗಿಳಿಯಿತೋ, ಮಾರಿ ಹೊರಬರಬೇಕು. ಅಷ್ಟೇ. ನಡುವೆ ನನ್ನ ಮನಸ್ಸಿಗೆ ಮಾತೇ ಇಲ್ಲ. ಬೇಸಿಗೆ ರಜೆಯಲ್ಲಿ ಕೋಡ್ ಮಾಡಿ, ಹಳೆಯ ವರ್ಷಗಳ ಬೆಲೆಗಳ ಮೇಲೆ ಓಡಿಸಿದೆ. ಪರದೆಯ ಮೇಲೆ ಲಾಭದ ಗೆರೆ ಏರಿತು, ಏರುತ್ತಲೇ ಹೋಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ಓಡಿಸಿದೆ. ಅದೇ ಗೆರೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಹುಟ್ಟುಗುಣ. ಕೂಡಲೇ ಶಹಾಬಾದಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅವನು ಮೂವತ್ತು ವರ್ಷ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಯಾರ್ಡ್ ನಡೆಸಿ, ಮೊಣಕಾಲು ಸೋತು, ಆ ತಿಂಗಳಷ್ಟೇ ಮಷೀನುಗಳನ್ನು ಮಾರಿದ್ದ. ಬಂದ ಹಣವೇ ಅವನ ಮುಂದಿನ ಬದುಕು. "ಅದನ್ನ ಬ್ಯಾಂಕಿನಾಗ ಯಾಕ ಇಡ್ತಿ? ಬಾ, ನಾ ತೋರಸ್ತೀನಿ," ಎಂದೆ. ನಾನು ಓದಿದವಳೆಂದು ಅವನಿಗೆ ನನ್ನ ಮೇಲೆ ಬಹಳ ನಂಬಿಕೆ.

ಭಾನುವಾರ ಬೆಳಿಗ್ಗೆ ಬಂದ. ಮಂಡಕ್ಕಿಯ ಸೂಸ್ಲಾ ತಿಂದು, ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕುಳಿತ. ಗೆರೆಯ ಕಡೆ ನೋಡಲೇ ಇಲ್ಲ. ಒಂದೇ ಒಂದು ಖರೀದಿ ತೋರಿಸು ಎಂದ.

"ಈ ದಿನ ಸಂಜೀಕ ಬೆಲೆ ದಾಟೇದ ನೋಡು. ಅದಕ್ಕ ಸಿಗ್ನಲ್ ಬಂತು, ತಗೊಂಡೀವಿ."

"ಯಾವ ದರಕ್ಕ ತಗೊಂಡಿ?"

"ಮುಂಜಾನಿ ಮಾರ್ಕೆಟ್ ಚಾಲೂ ಆದಾಗಿನ ದರಕ್ಕ."

"ಅದೇ ದಿನದ ಮುಂಜಾನಿ?"

"ಹೂಂ."

ಅಣ್ಣ ನನ್ನ ಕಡೆ ತಿರುಗಿದ. "ಖಣಿಗೆ ಹೋದ್ರ ಫರಸಿ ಒಂದರ ಮ್ಯಾಲೊಂದು ಥಪ್ಪಿ ಹಚ್ಚಿರ್ತಾರ. ಮ್ಯಾಲಿನ ಕಲ್ಲಷ್ಟೇ ಕಾಣ್ತದ. ಅದನ್ನ ನೋಡೇ ದರ ಹೇಳಬೇಕು, ಆಮ್ಯಾಲ ಥಪ್ಪಿ ಬಿಚ್ಚತಾರ. ಒಳಗಿನ ಕಲ್ಲು ನೋಡಿ ದರ ಹೇಳಿದ್ರ ಯಾರೂ ಒಪ್ಪಂಗಿಲ್ಲ. ನೀ ಥಪ್ಪಿ ಬಿಚ್ಚಿ ನೋಡಿ, ಮೊದಲಿನ ದರಕ್ಕ ತಗೊಂಡಿಯಲ್ಲ ತಂಗಿ."

ನನ್ನ ಮುಖ ಹುಳ್ಳಗಾಯಿತು. ಸಂಜೆ ಬೆಲೆ ಏರಿದ್ದು ತಿಳಿದ ಮೇಲೆ, ಬೆಳಿಗ್ಗೆಯೇ ಕೊಂಡಂತೆ ಕೋಡಿನಲ್ಲಿ ಬರೆದಿದ್ದೆ. ಪ್ರತಿ ಖರೀದಿಗೂ ಒಂದು ದಿನದ ಏರಿಕೆ ಪುಕ್ಕಟೆ ಸೇರಿತ್ತು. ಮೊದಲು ಸಿಟ್ಟು ಬಂತು, ಅದೂ ಅವನ ಮೇಲೆಯೇ. ಆಮೇಲೆ ಮೈ ಜುಮ್ಮೆಂದಿತು: ತಪ್ಪು ಸಿಕ್ಕಿತಲ್ಲ! ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದು ಸಾಲು ತಿದ್ದಿದೆ. ಸಿಗ್ನಲ್ ಬಂದ ಮರುದಿನದ ಬೆಳಗಿನ ದರಕ್ಕೆ ಖರೀದಿ. ಓಡಿಸಿದರೆ ಗೆರೆ ಮುಕ್ಕಾಲು ಪಾಲು ಕುಸಿಯಿತು. ಉಳಿದದ್ದು ಬ್ಯಾಂಕಿನ ಬಡ್ಡಿಗಿಂತ ಚೂರು ಮೇಲೆ, ಅದೂ ನಡುವೆ ಎರಡು ದೊಡ್ಡ ಗುಂಡಿ ಬಿದ್ದು ಎದ್ದು. ಆದರೆ ಅದು ನಿಜವಾದ ಗೆರೆ. ಮೊದಲಿನದನ್ನು ನೋಡಿದಾಗ ಆಗದಷ್ಟು ಖುಷಿ ನನಗೆ ಈ ಬಡಕಲು ಗೆರೆ ನೋಡಿ ಆಯಿತು.

"ನಿನ್ನ ರೊಕ್ಕ ಬ್ಯಾಂಕಿನಾಗೇ ಇರಲಿ ಅಣ್ಣಾ," ಎಂದೆ.

"ನೀ ಹಾಕ್ತಿಯೇನು?"

"ಒಂದೇ ಒಂದು ಷೇರು ತಗೊಂಡು ನೋಡ್ತೀನಿ."

"ಹಂಗಾದ್ರ ನಂದೂ ಒಂದು ಹಚ್ಚು."

ಮಾರ್ಕೆಟ್ ನಡೆದ ಹನ್ನೆರಡು ದಿನ ಕಾದೆವು. ಸಂಜೆ ಮಾರ್ಕೆಟ್ ಮುಗಿದು ನಾನು ಕೋಡ್ ಓಡಿಸುವಷ್ಟರಲ್ಲೇ ಅಣ್ಣನ ಫೋನ್: "ಬಂತೇನು?" ಹದಿಮೂರನೆಯ ದಿನ ಸಿಗ್ನಲ್ ಬಂತು. ರಜೆ ಮುಗಿದಿತ್ತು; ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕುಳಿತು ಎರಡು ಷೇರು ಕೊಂಡೆ, ಅವನದೊಂದು, ನನ್ನದೊಂದು. ಮೂರು ವಾರ ಅದು ಏರಿತು, ಇಳಿಯಿತು. ನಾನು ಹಲ್ಲು ಕಚ್ಚಿ ಕುಳಿತೆ. ಆಮೇಲೆ ಹೊರಬರುವ ಸಿಗ್ನಲ್ ಬಂತು. ಇನ್ನೆರಡು ದಿನ ತಡೆ, ಏರುತ್ತದೆ ಎಂದು ಮನಸ್ಸು ಗೋಗರೆಯಿತು. ಮರುದಿನ ಬೆಳಿಗ್ಗೆಯೇ ಮಾರಿಬಿಟ್ಟೆ. ನಾನೇ ಹಾಕಿಕೊಂಡ ನಿಯಮವನ್ನು ಜೀವನದಲ್ಲಿ ಮೊದಲ ಸಲ ಪಾಲಿಸಿದ್ದೆ, ಕುಣಿಯುವಷ್ಟು ಹಿಗ್ಗಾಗಿತ್ತು.

"ಲುಕ್ಸಾನ್ ಆತು. ನಿಂದು ತೊಂಬತ್ತು ರೂಪಾಯಿ ಹೋಯ್ತು," ಎಂದು ಅಣ್ಣನಿಗೆ ಹೇಳಿದೆ.

ಅವನು ನಕ್ಕ. "ಮಷೀನಿನ ರೊಕ್ಕ ಎಲ್ಲಾ ಹಾಕಿದ್ರ ಎಷ್ಟು ಹೋಗ್ತಿತ್ತು?"

ಲೆಕ್ಕ ಹಾಕಿ ಹೇಳಿದೆ. ಅವನು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಅವನ ಮನೆಯ ಪಕ್ಕದ ಯಾರ್ಡಿನಲ್ಲಿ ಕಲ್ಲು ಕೊಯ್ಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಅವತ್ತು ನಾ ಕೇಳದಿದ್ರ ಹಾಕಸ್ತಿದ್ದಿಯೇನು?"

"ಹಾಕಸ್ತಿದ್ದೆ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇರಲಿ," ಎಂದ ಅಣ್ಣ. "ನಾಳಿ ಬರ್ತೀನಿ. ಹೊರಗ ಬರೂ ನಿಯಮ ಹ್ಯಾಂಗ ಬರದಿ, ಅಲ್ಲೂ ಥಪ್ಪಿ ಬಿಚ್ಚಿ ನೋಡಿದಿಯೇನು, ಅದನ್ನೂ ಒಂದಿಷ್ಟು ತೋರ್ಸು."