ಅಳಿಸಿಹೋದ ಸೆರಗುಗಳ ಬೆನ್ನು ಹತ್ತಿ

ಬನಹಟ್ಟಿಯ ನೇಕಾರರ ಸಹಕಾರ ಸಂಘವೊಂದರಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಎಂದರೆ ದೊಡ್ಡದೇನಲ್ಲ. ನೂಲಿನ ಗೋದಾಮಿನ ಪಕ್ಕದ ಕೋಣೆಯಲ್ಲಿ, ಹತ್ತಿಯ ಧೂಳು ಬೀಳದಂತೆ ಕಪಾಟಿನೊಳಗೆ ಇಟ್ಟಿರುವ ಒಂದು ಕಂಪ್ಯೂಟರ್, ಅಷ್ಟೆ. ಸೀರೆಯ ಸೆರಗು ಮತ್ತು ದಡಿ, ಅಂದರೆ ಅಂಚುಗಳ, ಡಿಸೈನುಗಳೆಲ್ಲ ಅದರಲ್ಲಿವೆ. ನೇಕಾರರು ಬೇಕಾದ ಡಿಸೈನನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಹೋಗಿ ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಚುಚ್ಚುತ್ತಾರೆ. ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂಬುದನ್ನು ಯಂತ್ರ ಆ ಡಿಸೈನ್ ನೋಡಿ ನಡೆಸುತ್ತದೆ.

ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಆ ಡಿಸೈನುಗಳನ್ನೆಲ್ಲ ನಾನೇ ಅಳಿಸಿಬಿಟ್ಟೆ.

ಮಾಡಲು ಹೊರಟದ್ದು ಸಣ್ಣ ಕೆಲಸ. ‘ಓಲ್ಡ್’ ಎಂದು ಶುರುವಾಗುವ ಹೆಸರಿನ ನಾಲ್ಕಾರು ಹಳೆಯ ಫೈಲುಗಳನ್ನು ತೆಗೆಯಬೇಕಿತ್ತು. ಕಪ್ಪು ಪರದೆಯ ಮೇಲೆ ಅಳಿಸುವ ಆದೇಶವಾದ ಆರ್‌ಎಂ ಬರೆದು, ಮುಂದೆ ಆ ಹೆಸರು ಬರೆದು, ಅದಕ್ಕೆ ಅಂಟಿಸಿಯೇ ಒಂದು ನಕ್ಷತ್ರದ ಗುರುತು ಹಾಕಬೇಕು. ‘ಹೀಗೆ ಶುರುವಾಗುವುದೆಲ್ಲ’ ಎಂದು ಅದರ ಅರ್ಥ. ನನ್ನ ಹೆಬ್ಬೆರಳು ತಾಗಿ ಹೆಸರಿಗೂ ನಕ್ಷತ್ರಕ್ಕೂ ನಡುವೆ ಒಂದು ಖಾಲಿ ಜಾಗ ಬಿತ್ತು. ಒಂಟಿಯಾಗಿ ನಿಂತ ನಕ್ಷತ್ರಕ್ಕೆ ‘ಎಲ್ಲವೂ’ ಎಂದಷ್ಟೇ ಅರ್ಥ. ನೋಡದೆ ಎಂಟರ್ ಒತ್ತಿದೆ. ಕ್ಷಣದಲ್ಲಿ ಮುಗಿಯಬೇಕಾದ ಕೆಲಸ ಮುಗಿಯಲೇ ಇಲ್ಲ. ಏನೋ ಎಡವಟ್ಟಾಗಿದೆ ಎಂದು ತಡೆಯುವಷ್ಟರಲ್ಲಿ ಫೋಲ್ಡರ್ ಬರಿದಾಗಿತ್ತು.

ಒಂದು ಮಾತು ಮಾತ್ರ ನೆನಪಿತ್ತು: ಅಳಿಸಿಹೋದ ಮೇಲೆ ಅದೇ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಬಾರದು, ಬರೆದರೆ ಅಳಿಸಿದ್ದು ಮರಳಿ ಸಿಗುವುದಿಲ್ಲ. ಸರ್ವರ್ ಬಂದ್ ಮಾಡಿ, ವ್ಯವಸ್ಥಾಪಕರ ಕೋಣೆಗೆ ಹೋದೆ. ಅವರು ಇಪ್ಪತ್ತು ವರ್ಷದಿಂದ ಸಂಘ ನಡೆಸುತ್ತಿರುವವರು, ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ.

“ಸರ, ಡಿಸೈನ್ ಎಲ್ಲಾ ಹೋದ್ವು. ನನ್ನ ಕೈಲೇ ಹೋದ್ವು.”

ಅವರು ಚಹಾದ ಕಪ್ಪು ಕೆಳಗಿಟ್ಟರು. “ದಿನಾ ಒಂದ್ ಕಾಪಿ ಆಕ್ಕೈತಿ ಅಂತಿದ್ದೆಲ್ಲ ತಂಗಿ?”

“ಆಕ್ಕೈತ್ರಿ. ಅದರಾಗಿಂದ ತಿರಗಿ ಹಾಕ್ತೇನಿ.”

ಬೇರೊಂದು ಕಂಪ್ಯೂಟರಿನಲ್ಲಿ ಕಾಪಿಯ ಡಿಸ್ಕ್ ಜೋಡಿಸಿ ಹಿಂದಿನ ದಿನದ ಕಾಪಿ ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಅದರ ಹಿಂದಿನ ದಿನದ್ದೂ ಖಾಲಿ. ಒಂದು ತಿಂಗಳಿಗಿಂತ ಹಳೆಯ ಕಾಪಿಗಳು ತಾವಾಗಿ ಅಳಿಯುತ್ತಿದ್ದವು, ಉಳಿದಿದ್ದವೆಲ್ಲ ಖಾಲಿ. ಕಾರಣ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇಸಿಗೆಯಲ್ಲಿ ಡಿಸೈನುಗಳನ್ನು ಹೊಸ ಫೋಲ್ಡರಿಗೆ ಸಾಗಿಸಿದ್ದೆ. ಕಾಪಿ ಮಾಡುವ ಸ್ಕ್ರಿಪ್ಟಿನಲ್ಲಿ ಹಳೆಯ ಫೋಲ್ಡರಿನ ಹೆಸರೇ ಉಳಿದಿತ್ತು. ಪಾಪ, ಅದು ದಿನಾಲೂ ಆ ಬರಿದಾದ ಫೋಲ್ಡರನ್ನೇ ನಿಷ್ಠೆಯಿಂದ ಕಟ್ಟಿಟ್ಟು, ಕೆಲಸ ಮುಗಿಯಿತು ಎಂದು ನನಗೆ ಸಂದೇಶ ಕಳಿಸುತ್ತಿತ್ತು. ನಾನು ಸಂದೇಶ ಓದುತ್ತಿದ್ದೆ. ಕಾಪಿಯನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಅಳಿಸಿದ್ದನ್ನು ಹುಡುಕಿ ಕೊಡುವ ತಂತ್ರಾಂಶವನ್ನೂ ಓಡಿಸಿದೆ. ಚೂರುಪಾರು ಸಿಕ್ಕವು. ಒಂದು ನವಿಲಿನ ಬಾಲ, ಅರ್ಧ ಗೋಪುರ. ಒಂದೂ ನೇಯಲು ಬರುವಂತಿರಲಿಲ್ಲ.

ಸಂಜೆ ವ್ಯವಸ್ಥಾಪಕರು ಹೇಳಿದರು: “ಹೋಗ್ಲಿ ಬಿಡು. ಹೊಸಾ ಡಿಸೈನ್ ತರಸೂಣು. ಅತ್ತರ ಬರ್ತಾವೇನ?”

ನಾನು ಅಳುತ್ತಿರಲಿಲ್ಲ. ಹೊರಗೆ ಮಗ್ಗಗಳು ಬಡಿಯುತ್ತಿದ್ದವು, ನನ್ನ ಕಿವಿ ಅತ್ತ ಇತ್ತು. ಸರ್ವರ್ ಬರಿದಾದರೂ ಮಗ್ಗ ನಿಂತಿರಲಿಲ್ಲ. ಅಂದರೆ ಡಿಸೈನುಗಳು ಊರೊಳಗೇ ಇದ್ದವು, ನೇಕಾರರ ಪೆನ್ ಡ್ರೈವುಗಳಲ್ಲಿ.

“ಹದಿನೈದ ದಿನಾ ಕೊಡ್ರಿ ಸರ. ಮನಿ ಮನಿ ತಿರಗಿ ತರ್ತೇನಿ.”

“ಎಷ್ಟ್ ಮನಿ ಅದಾವ, ಗೊತ್ತೈತಿಲ್ಲ?”

“ಗೊತ್ತೈತ್ರಿ.”

ಮರುದಿನದಿಂದ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಬನಹಟ್ಟಿ, ರಬಕವಿಯ ಓಣಿಗಳನ್ನು ಸುತ್ತತೊಡಗಿದೆ. ಪಡಸಾಲೆಯಲ್ಲಿ ಕೂತು ಪೆನ್ ಡ್ರೈವ್ ಕೇಳುವುದು, ಅದರೊಳಗಿನದನ್ನು ಬರೀ ಓದಲಿಕ್ಕಷ್ಟೇ ತೆರೆದು ಕಾಪಿ ಮಾಡಿಕೊಳ್ಳುವುದು. ಮತ್ತೆ ಕೈ ತಪ್ಪಿದರೆ ನೇಕಾರರ ಫೈಲಾದರೂ ಉಳಿಯಲಿ ಎಂದು ಆ ಎಚ್ಚರ. ಮಗ್ಗದ ಸಪ್ಪಳಕ್ಕೆ ಮಾತು ಕೇಳುತ್ತಿರಲಿಲ್ಲ. ಸನ್ನೆಯಲ್ಲೇ ಅರ್ಧ ವ್ಯವಹಾರ ಮುಗಿಯುತ್ತಿತ್ತು.

ತಾಪತ್ರಯವೆಂದರೆ ಹೆಸರುಗಳು. ಒಂದೇ ಸೆರಗಿಗೆ ಒಬ್ಬರು ‘ಹೊಸ ನವಿಲು’ ಎಂದಿಟ್ಟರೆ ಇನ್ನೊಬ್ಬರು ‘ಮದಿವಿ ಸೀರಿ’ ಎಂದಿಟ್ಟಿದ್ದರು. ಹೆಸರು ಬೇರೆ ಇದ್ದರೂ ಒಳಗಿನದು ಒಂದೇ ಇದ್ದರೆ ತೋರಿಸಿಕೊಡುವ ಒಂದು ಆದೇಶವಿದೆ. ಅದು ಪ್ರತಿ ಫೈಲಿಗೂ ಹೆಬ್ಬೆಟ್ಟಿನ ಗುರುತಿನಂಥ ಉದ್ದನೆಯ ಸಂಖ್ಯೆಯೊಂದನ್ನು ಕೊಡುತ್ತದೆ. ಸಂಜೆ ಕಚೇರಿಗೆ ಮರಳಿ ಆ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿ, ಎರಡೆರಡು ಸಲ ಬಂದವನ್ನು ಬದಿಗಿಡುತ್ತಿದ್ದೆ. ತೆಗೆದುಹಾಕುತ್ತಿರಲಿಲ್ಲ, ಬದಿಗಿಡುತ್ತಿದ್ದೆ.

ರಬಕವಿಯಲ್ಲಿ ಒಬ್ಬಾಕೆ ಪೆನ್ ಡ್ರೈವ್ ಕೊಡಲು ಸುತರಾಂ ಒಪ್ಪಲಿಲ್ಲ. ಗಂಡನ ಜತೆ ಎರಡು ಮಗ್ಗ ನಡೆಸುವ, ನನ್ನಷ್ಟೇ ವಯಸ್ಸಿನ ಹೆಂಗಸು. ಎರಡು ಸಲ ಹೋದಾಗಲೂ “ಕಳದೈತ್ರಿ” ಎಂದಳು. ಮಗ್ಗದ ಮೇಲೆ ಅದರ ಕೆಂಪು ದೀಪ ಮಿನುಗುತ್ತಿತ್ತು. ಮೂರನೆಯ ಸಲ ಹೋದಾಗ ನಾನು ಕೇಳಲೇ ಇಲ್ಲ, ಆಗಿದ್ದನ್ನು ಹೇಳಿಕೊಂಡೆ. ಖಾಲಿ ಜಾಗ, ನಕ್ಷತ್ರ, ಬರಿದಾದ ಕಾಪಿ, ಎಲ್ಲ.

ಆಕೆ ಮಗ್ಗ ನಿಲ್ಲಿಸಿದಳು. “ಅಂದ್ರ ನೀವು ನನ್ನ ಹಿಡಿಯಾಕ ಬಂದಿಲ್ಲ?”

“ಯಾಕ ಹಿಡೀಲೆವ್ವಾ?”

“ಸಂಘದ ಸೆರಗಿನಾಗ ನಾ ಎರಡ ಗಿಳಿ ಕೂಡಿಸೇನ್ರಿ. ನನ್ನ ಮಗಳ ಕಂಪ್ಯೂಟರಿನ್ಯಾಗ ಮಾಡಿದ್ದು. ಕೇಳಲಾರದ ಮಾಡೇನಿ. ಗೊತ್ತಾದ್ರ ನೂಲು ಕೊಡೂದು ನಿಲ್ಲಸ್ತಾರ ಅಂತ ಅಂಜಿದ್ದೆ.”

ಪರದೆಯ ಮೇಲೆ ತೆರೆದು ನೋಡಿದೆ. ಗೋಪುರದ ಎರಡೂ ಬದಿಗೆ ಗಿಳಿಗಳು ಕತ್ತು ಹೊರಳಿಸಿ ಕೂತಿದ್ದವು. ಸಂಘದ ಮೂಲ ಸೆರಗಿಗಿಂತ ಛಲೋ ಇತ್ತು. ಹಾಗೆಂದೇ ಹೇಳಿದೆ. ಆಕೆ ನಕ್ಕು ಪೆನ್ ಡ್ರೈವ್ ಕೊಟ್ಟದ್ದಲ್ಲದೆ ಆ ಓಣಿಯ ಉಳಿದ ಮನೆಗಳಿಗೆ ತಾನೇ ಮುಂದಾಗಿ ಕರೆದುಕೊಂಡು ಹೋದಳು.

ಹತ್ತನೆಯ ದಿನದ ಹೊತ್ತಿಗೆ ಈಗ ನೇಯುತ್ತಿರುವವೆಲ್ಲ ಬಂದಿದ್ದವು. ಸಂಘದ ರಿಜಿಸ್ಟರಿನ ಪಟ್ಟಿಯೊಂದಿಗೆ ತಾಳೆ ನೋಡಿದರೆ, ಬಾರದೆ ಉಳಿದವು ಹಳೆಯ ದಡಿಗಳು. ಅವನ್ನು ಈಗ ಯಾರೂ ನೇಯುತ್ತಿರಲಿಲ್ಲ. ಅವನ್ನು ಬರೆದವರು ಸಂಘದ ಹಿಂದಿನ ನಕ್ಷೆಗಾರರೊಬ್ಬರು. ನಿವೃತ್ತರಾಗಿ ಬೀಳಗಿಯಲ್ಲಿ ಮಗಳ ನೋಟ್‌ಬುಕ್ಕಿನ ಅಂಗಡಿ ನೋಡಿಕೊಂಡಿದ್ದಾರೆಂದು ವ್ಯವಸ್ಥಾಪಕರು ಹೇಳಿದರು. ಜಮಖಂಡಿಗೆ ಹೋಗಿ ಬೀಳಗಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಅವರ ಮುಂದೆ ಹೇಗೆ ಬಾಯಿ ತೆರೆಯುವುದು ಎಂಬ ಚಿಂತೆಯೇ ಇತ್ತು. ಆ ದಡಿಗಳು ಅವರ ಆಯುಷ್ಯದ ದುಡಿಮೆ.

ಅಂಗಡಿಯಲ್ಲಿ ಕೂತೇ ಎಲ್ಲ ಕೇಳಿಸಿಕೊಂಡರು. “ಅಳಿಸಿದವರು ಯಾರು?”

“ನಾನ ರಿ, ಕಾಕಾ.”

“ಡಿಸೈನಿಗೆ ರಟ್ಟಿನ ಕಾರ್ಡಿಗೆ ತೂತು ಹೊಡಿತಿದ್ದ ಕಾಲದಾಗ ನಾ ಒಂದ ಸರ್ತಿ ಕಾರ್ಡು ತಿರವಿ ಹೊಲದಿದ್ದೆ. ದಡಿಯಾಗಿನ ಆನಿ ಎಲ್ಲಾ ಕಾಲ ಮ್ಯಾಲ ಮಾಡಿ ನಿಂತ್ವು. ಹನ್ನೆರಡ ಸೀರಿ! ಆಗ ನಾ ದುಡೀತಿದ್ದ ಸಾಹುಕಾರ ನನ್ನ ಕೊಲ್ಲೂದೊಂದ ಬಾಕಿ,” ಎಂದು ಎದ್ದು, ಒಳಗಿನಿಂದ ತಗಡಿನ ಪೆಟ್ಟಿಗೆ ಎಳೆದು ತಂದರು. ಅದರ ತುಂಬ, ಚೌಕ ತುಂಬಿ ದಡಿ ಬರೆದ ಗ್ರಾಫ್ ಹಾಳೆಗಳು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಎರಡು ದಿನ ಹೋಗಿ ಬಂದು ಮಾಡಿ, ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಮತ್ತೆ ತುಂಬಲೆಂದು ಒಂದೊಂದೇ ಹಾಳೆಯ ಚಿತ್ರ ತೆಗೆದುಕೊಂಡೆ. ಹರಿದ ಕಡೆ ಯಾವ ಚೌಕ ತುಂಬಬೇಕೆಂದು ಅವರು ಬೆರಳಿಟ್ಟು ತೋರಿಸಿದರು. ಕೆಲವನ್ನು ಕಣ್ಣುಮುಚ್ಚಿ ನೆನಪಿಸಿಕೊಂಡರು. ಹನ್ನೊಂದು ದಡಿಗಳು ಮಾತ್ರ ಅವರಿಗೂ ಸಿಗಲಿಲ್ಲ.

ಆ ಹನ್ನೊಂದರ ಹೆಸರು ಬರೆದು, ಹದಿನೈದನೆಯ ದಿನ ಸಂಘದ ಆಡಳಿತ ಮಂಡಳಿಯ ಮುಂದೆ ನಾನೇ ಓದಿದೆ. ಒಬ್ಬ ಸದಸ್ಯರು, “ಇಂಥವರ ಕೈಯಾಗ ಡಿಸೈನ್ ಯಾಕ ಇಡಬೇಕ್ರಿ?” ಎಂದರು. ಅವರದು ತಪ್ಪಲ್ಲ.

ವ್ಯವಸ್ಥಾಪಕರು ನನ್ನ ಕಡೆ ತಿರುಗಿದರು. “ಮುಂದ ಏನ ಮಾಡ್ತಿ, ಅದನ್ನ ಹೇಳು.”

ಹೇಳಿದೆ. ಅಳಿಸುವ ಮೊದಲು ಅದೇ ಸಾಲನ್ನು ಬರೀ ಪಟ್ಟಿ ತೋರಿಸುವ ಎಲ್‌ಎಸ್ ಆದೇಶದೊಂದಿಗೆ ಬರೆದು, ಏನೇನು ಹೋಗಲಿದೆ ಎಂದು ಕಣ್ಣಾರೆ ನೋಡುತ್ತೇನೆ. ಕಾಪಿಯೊಂದು ಈ ಕಟ್ಟಡದ ಹೊರಗೆ ಇರುತ್ತದೆ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಆ ಕಾಪಿಯನ್ನು ಬಿಚ್ಚಿ, ನಿಮ್ಮ ಮುಂದೆಯೇ ಒಂದು ಡಿಸೈನನ್ನು ಮಗ್ಗಕ್ಕೆ ಹಾಕಿ ತೋರಿಸುತ್ತೇನೆ. ಕಾಪಿ ಆಯಿತೆಂಬ ಸಂದೇಶ ನನಗಿನ್ನು ಸಾಲದು.

ಕೆಲಸ ಉಳಿಯಿತು. ಮೊದಲ ತಿಂಗಳ ಪರೀಕ್ಷೆಯಲ್ಲಿ ಕಾಪಿ ಬಿಚ್ಚಿಕೊಂಡರೂ ಡಿಸೈನ್ ತೆರೆಯಲಿಲ್ಲ. ಯಾವ ಫೈಲನ್ನು ಯಾರು ತೆರೆಯಬಹುದು ಎಂಬ ಅನುಮತಿಗಳನ್ನು ಸರಿಯಾಗಿ ಕಾಪಿ ಮಾಡಿರಲಿಲ್ಲ. ಸದಸ್ಯರೆದುರೇ ತಪ್ಪು ಒಪ್ಪಿಕೊಂಡು, ಮಧ್ಯಾಹ್ನದೊಳಗೆ ತಿದ್ದಿ, ಮತ್ತೆ ಬಿಚ್ಚಿದೆ. ತೆರೆಯಿತು.

ಎರಡನೆಯ ತಿಂಗಳು ವ್ಯವಸ್ಥಾಪಕರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಬಿಚ್ಚಿದ ಕಾಪಿಯ ಪಟ್ಟಿಯಲ್ಲಿ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು, “ಇದನ್ನ ತಗಿ,” ಎಂದರು. ಡಿಸೈನ್ ಪೂರ್ತಿಯಾಗಿ ಪರದೆಯ ಮೇಲೆ ಬಂತು. ಸಂಘದ್ದೇ ಆದ ಮಗ್ಗವೊಂದಕ್ಕೆ ಹಾಕಿದೆವು. ಒಂದು ಗೇಣು ದಡಿ ನೇಯ್ದು ಹೊರಬರುವವರೆಗೂ ಅವರು ಅಲ್ಲೇ ನಿಂತಿದ್ದರು. ಬಟ್ಟೆಯನ್ನು ಕೈಯಿಂದ ಸವರಿ ನೋಡಿ, “ಆತು. ಈಗ ಇನ್ನೊಂದ ತಗಿ,” ಎಂದರು.