ಚಿನ್ನ ಕಾಣದ ವೆಬ್‌ಸೈಟು

"ನಮ್ಮ ವೆಬ್‌ಸೈಟಲ್ಲಿ ಚಿನ್ನಾನೇ ಕಾಣಿಸ್ತಿಲ್ಲಮ್ಮಾ, ಬರೀ ಬೆಳ್ಳಿ ಇದೆ. ಫೋನಲ್ಲಿ ಹೇಳೋ ವಿಷಯ ಅಲ್ಲ, ಒಂದ್ಸಲ ಬಂದು ಹೋಗು" ಎಂದು ಮಲ್ಲೇಶ್ವರದ ಒಡವೆ ಅಂಗಡಿಯ ಯಜಮಾನರು ಕರೆದರು.

ಹನುಮಂತನಗರದ ಮನೆಯಲ್ಲೇ ಕೂತು ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವುದು ನನ್ನ ಕೆಲಸ. ಅವರದನ್ನೂ ನಾನೇ ಮಾಡಿದ್ದೆ. ಆಮೇಲೆ ನೋಡಿಕೊಳ್ಳುವ ಹೊಣೆ ಅವರ ಸೊಸೆಯದಾಗಿತ್ತು. ಒಂದಿಷ್ಟು ವೀಡಿಯೊ ನೋಡಿ ಹುಡುಗಿ ಚೆನ್ನಾಗಿಯೇ ಕಲಿತಿದ್ದಳು.

ಕೆಳಗೆ ಅಂಗಡಿ, ಮೇಲೆ ಮನೆ. ಯಜಮಾನರು ನನ್ನನ್ನು ನೇರವಾಗಿ ಮೇಲಿನ ಹಾಲಿಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

"ನಮ್ಮ ಸೊಸೆ ತವರಿನವರದ್ದು ಚಿಕ್ಕಪೇಟೇಲಿ ಬೆಳ್ಳಿ ವ್ಯಾಪಾರ. ನಮ್ಮಂಗಡಿಗೆ ಬೆಳ್ಳಿ ಬರೋದೇ ಅಲ್ಲಿಂದ. ಈಗ ನೋಡಿದ್ರೆ ಬೆಳ್ಳಿ ಮಾತ್ರ ಕಾಣಿಸ್ತಿದೆ. ನಾನೇನು ಅಂದ್ಕೋಬೇಕು, ನೀನೇ ಹೇಳು."

ಅಷ್ಟರಲ್ಲಿ ಸೊಸೆ ಕಾಫಿ ತಂದಳು. ಮಾತು ನಿಂತಿತು. "ಏನಾದ್ರೂ ತೊಂದ್ರೆ ಆಗಿದ್ಯಾ ಅಕ್ಕಾ?" ಎಂದು ಕೇಳಿದಳು.

"ಏನಿಲ್ಲ, ಸುಮ್ನೆ ನೋಡೋಕೆ ಬಂದಿದಾರೆ" ಎಂದು ಮಾವನೇ ಉತ್ತರ ಕೊಟ್ಟರು.

ಅವಳು ನಾನು ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ಒಳಗೆ ಹೋದಳು. ಪಾತ್ರೆಯ ಸದ್ದು ಮಾತ್ರ ಕೇಳಿಸಲಿಲ್ಲ; ಬಾಗಿಲ ಹಿಂದೆಯೇ ನಿಂತಿದ್ದಾಳೆ ಅನ್ನಿಸಿತು. ದಿನಾ ಈ ಪುಟ ತೆರೆಯುವವಳಿಗೆ ಇಷ್ಟು ಚಿನ್ನ ಮಾಯವಾದದ್ದು ಕಾಣದೇ ಹೋಯಿತೇ? ನನಗೂ ಅನುಮಾನ ಹತ್ತಿತು.

ಪುಟದ ಬಣ್ಣ, ಅಳತೆಗಳನ್ನು ಬರೆದಿಡುವ ಫೈಲು ತೆರೆದೆ. ಕೊನೆಯಲ್ಲಿ ನಾನು ಬರೆಯದ ಒಂದು ಸಾಲಿತ್ತು. ಪುಟದಲ್ಲಿರುವ ಪ್ರತಿ ಚಿತ್ರಕ್ಕೂ ಒಂದು ಹೆಸರಿರುತ್ತದೆ. ಆ ಹೆಸರಿನ ಗುರುತು ಹಿಡಿದು, ಇಂಥವೆಲ್ಲ ಹೀಗೆ ಕಾಣಲಿ, ಇಂಥವು ಕಾಣದಿರಲಿ ಎಂದು ಹೇಳಬಹುದು. ಅದಕ್ಕೆ ಆಟ್ರಿಬ್ಯೂಟ್ ಸೆಲೆಕ್ಟರ್ ಅನ್ನುತ್ತೇವೆ. ಆ ಸಾಲು ಹೇಳುತ್ತಿದ್ದದ್ದು ಇಷ್ಟೇ: ಹೆಸರಿನಲ್ಲಿ ಎಲ್ಲಾದರೂ 'ಓಲ್ಡ್' ಎಂದಿದ್ದರೆ ಅಂಥ ಚಿತ್ರವನ್ನು ಮರೆಮಾಡು.

ನಾನು ಅವಳನ್ನು ಕೂಗಿದೆ. ಯಜಮಾನರ ಮುಖ ಬಿಗಿಯಿತು.

"ಈ ಸಾಲು ನೀನು ಬರೆದಿದ್ದಾ?"

"ಹೌದಕ್ಕಾ. ಹಳೇ ಡಿಸೈನ್ ಒಂದೂ ಕಾಣಿಸ್ಬಾರದು ಅಂತ ಮಾವ ಹೇಳಿದ್ರು. ಅವುಗಳ ಹೆಸರಿನ ಮುಂದೆಲ್ಲ ಓಲ್ಡ್ ಅಂತ ಸೇರಿಸಿ ಇದನ್ನ ಹಾಕಿದೆ."

"ಚಿನ್ನದ ಚಿತ್ರಗಳೆಲ್ಲ ಗೋಲ್ಡ್ ಅಂತ ಶುರುವಾಗುತ್ತಲ್ಲ? ಅದರ ಸ್ಪೆಲಿಂಗಲ್ಲೇ ಓಲ್ಡ್ ಇದೆ."

ಅವಳು ನಾಲಿಗೆ ಕಚ್ಚಿಕೊಂಡಳು. ಹೆಸರಿನಲ್ಲಿ ಎಲ್ಲಾದರೂ ಇರಲಿ ಎನ್ನುವ ನಕ್ಷತ್ರದ ಗುರುತು ತೆಗೆದು, ಮೊದಲಲ್ಲೇ ಇರಬೇಕು ಎನ್ನುವ ಗುರುತು ಹಾಕಿದೆ. ಬಳೆ, ಸರ, ಓಲೆ ಎಲ್ಲವೂ ಪರದೆಗೆ ಮರಳಿದವು. ಹಳೆಯವು ಮರೆಯಲ್ಲೇ ಉಳಿದವು.

ಯಜಮಾನರು ನಗಲಿಲ್ಲ. ನನ್ನನ್ನು ಕಳಿಸಲು ಮೆಟ್ಟಿಲಿಳಿಯುತ್ತಾ, "ಪಾಸ್‌ವರ್ಡ್ ಬದಲಾಯಿಸ್ಬಿಡಮ್ಮಾ, ಅವಳಿಗೆ ಹೇಳೋದು ಬೇಡ" ಎಂದರು.

"ನೀವೇ ಅವಳಿಗೆ ಹೇಳಿ ಸಾರ್, ಆಮೇಲೆ ಬದಲಾಯಿಸ್ತೀನಿ."

ಬಿಲ್ಲಿಲ್ಲದ ಒಡವೆ ಮಾರಲು ಬಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಮುಂದಿನ ವಾರ ನನ್ನ ಪಾಸ್‌ವರ್ಡೂ ಕೆಲಸ ಮಾಡಲಿಲ್ಲ. ಬೇರೆ ಯಾರನ್ನೋ ಹಿಡಿದಿದ್ದರು.

ಕೆಲವು ತಿಂಗಳ ಮೇಲೆ ಸೊಸೆಯೇ ಫೋನ್ ಮಾಡಿದಳು. ತವರಿನ ಬೆಳ್ಳಿಗೆ ತಾನೇ ಒಂದು ವೆಬ್‌ಸೈಟು ಮಾಡುತ್ತಿದ್ದೇನೆ, ಸಹಾಯ ಬೇಕು ಎಂದಳು. ನಾನು ಕೇಳಿಯೇಬಿಟ್ಟೆ: "ನಿಜ ಹೇಳು, ಅವತ್ತು ಚಿನ್ನ ಕಾಣಿಸ್ತಿಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ?"

"ಆ ಸಾಲು ಹಾಕಿದ ಮಾರನೇ ದಿನಾನೇ ಗೊತ್ತಾಯ್ತು ಅಕ್ಕಾ. ಸರಿಮಾಡೋಣ ಅಂತಲೇ ಕೂತಿದ್ದೆ. ಅಷ್ಟರಲ್ಲಿ ನಾನು ಬಂದ ತಕ್ಷಣ ಮನೇಲಿ ಮಾತು ನಿಲ್ಲಿಸೋಕೆ ಶುರುಮಾಡಿದ್ರು. ನನ್ನನ್ನೇ ಕೇಳ್ತಾರೇನೋ ನೋಡೋಣ ಅಂತ ಬಿಟ್ಟೆ. ಕೇಳೋ ಬದಲು ನಿಮ್ಮನ್ನ ಕರೆಸಿದ್ರು."

ಇದರಲ್ಲಿ ಎಷ್ಟನ್ನು ನಂಬಬೇಕೋ ನನಗೆ ತಿಳಿಯಲಿಲ್ಲ. ಕೆಲಸ ಮಾತ್ರ ಒಪ್ಪಿಕೊಂಡೆ.