ಎತ್ತಿ ನೋಡಿ ತಂದ ಸ್ಪೀಕರ್

ಎರಡೂ ಕೈಯಿಂದ ಎತ್ತಿ ನೋಡಿದೆ. ಭಾರವಿತ್ತು. ಅಷ್ಟಕ್ಕೇ ಮರುಳಾದೆ.

ಎಂಬತ್ತರ ದಶಕದ ಮಾತು. ಬಾಗಲಕೋಟೆಯ ಹಳೇ ಪೇಟೆಯ ಒಂದು ಅಂಗಡಿ. ಟೇಪು, ರೇಡಿಯೋ ಎರಡೂ ಇರುವ ಸೆಟ್ಟು, ಜೊತೆಗೆ ಮೊಣಕಾಲೆತ್ತರದ ಸ್ಪೀಕರ್ ಡಬ್ಬಿ. ಡಬ್ಬಿಗೆ ನಾಲ್ಕು ದುಂಡನೆಯ ಬಾಯಿ, ಸುತ್ತ ಬೆಳ್ಳಿ ಬಣ್ಣದ ಪಟ್ಟಿ.

"ಎತ್ತಿ ನೋಡ್ರಿ," ಅಂದ ಅಂಗಡಿಯವನು. "ವಜನ ಇದ್ದಲ್ಲೆ ಆವಾಜ್ ಇರತೈತಿ."

ನಾನು ಇಳಕಲ್ಲಿನವನು. ಸೀರೆಯನ್ನೂ ಅಂಗೈ ಮೇಲಿಟ್ಟು ತೂಗಿ ನೋಡುವ ಊರು ನಮ್ಮದು. ಅವನ ಮಾತು ಸರಿ ಅನ್ನಿಸಿತು. ಮನೆಯ ಹಳೇ ರೇಡಿಯೋವನ್ನು ಅವನಿಗೇ ಕೊಟ್ಟು, ಅವ್ವ ಮಗ್ಗದ ಕೂಲಿಯಲ್ಲಿ ಕೂಡಿಟ್ಟಿದ್ದನ್ನೂ ಮೇಲೆ ಸುರಿದು, ಡಬ್ಬಿಯನ್ನು ಬಸ್ಸಿಗೆ ಹಾಕಿಕೊಂಡು ಬಂದೆ.

ಅಷ್ಟು ಅವಸರ ಮಾಡಿದ್ದಕ್ಕೆ ಕಾರಣವಿತ್ತು.

ಅವ್ವನ ಅಣ್ಣ, ರಾಮಥಾಳದ ಸಂಗಪ್ಪ ಮಾವ, ಧಾರವಾಡಕ್ಕೆ ಹೋಗಿ ರೇಡಿಯೋಕ್ಕೆ ಭಜನೆ ಪದ ಹಾಡಿ ಬಂದಿದ್ದ. ಮಂಗಳವಾರ ಸಂಜೆ ಬರುತ್ತದೆ ಅಂತ ಕಾಗದ ಬಂದಿತ್ತು. ಒಂದೇ ಸಲ, ಹದಿನೈದು ನಿಮಿಷ. ಅಣ್ಣನ ದನಿ ನಾಡಿಗೆಲ್ಲ ಕೇಳುವ ದಿನ ನಮ್ಮ ಮನೆಯ ಹಳೇ ರೇಡಿಯೋ ಕೆಮ್ಮಬಾರದು ಅಂತ ನನ್ನ ಹಟ.

ಎರಡು ದಿನ ಸಿನಿಮಾ ಹಾಡು ಹಚ್ಚಿದೆ. ಓಣಿಯೆಲ್ಲ ಗುಡುಗಿತು. ನಾನೂ ಬೀಗಿದೆ.

ಮಂಗಳವಾರ ಅವ್ವ ಹೊತ್ತಿಗೆ ಮೊದಲೇ ಮಗ್ಗ ನಿಲ್ಲಿಸಿದಳು. ಮುಖ ತೊಳೆದು, ತಲೆ ಮೇಲೆ ಸೆರಗು ಹೊದ್ದು, ಡಬ್ಬಿಯ ಎದುರು ಕೂತಳು. ಓಣಿಯ ಹೆಣ್ಣುಮಕ್ಕಳೂ ಬಂದರು.

ಪದ ಶುರುವಾಯಿತು... ಭರ್‍ರ್, ಭರ್‍ರ್ ಅಂತ ತಬಲಾ ಜೊತೆಯ ಡಗ್ಗಾದ ಸದ್ದೊಂದೇ. ಅದರ ಹಿಂದೆ ಯಾರೋ ಕಂಬಳಿ ಮುಸುಕು ಹಾಕಿಕೊಂಡು ಹಾಡಿದಂತೆ.

ಮಾವ ಮೇಲಿನ ಸ್ವರಕ್ಕೆ ಹೋದಾಗ ಅವನ ದನಿ ಕೂದಲೆಳೆಯಷ್ಟು ಒಡೆಯುತ್ತದೆ. ಅವ್ವನಿಗೆ ಅದೇ ಗುರುತು. ಅವಳು ಅದಕ್ಕೇ ಕಾದು ಕೂತಿದ್ದಳು. ನಾನು ಒಂದೊಂದೇ ಗುಂಡಿ ತಿರುವುತ್ತಲೇ ಇದ್ದೆ. ಹದಿನೈದು ನಿಮಿಷ ಮುಗಿದೇ ಹೋಯಿತು.

"ಇಂವ ನಮ್ಮಣ್ಣ ಅಲ್ಲಪಾ," ಅಂದಳು ಅವ್ವ. ಬೈಯಲಿಲ್ಲ. ಎದ್ದು ಒಲೆ ಹಚ್ಚಲು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಡಬ್ಬಿಯ ಹಿಂಬದಿ ಬಿಚ್ಚಿದೆ.

ನಾಲ್ಕು ಬಾಯಿಯಲ್ಲಿ ಮೂರು ಬರೀ ಜಾಳಿಗೆ, ಹಿಂದೆ ಕರಿ ಕಾಗದ. ಒಂದರಲ್ಲಿ ಮಾತ್ರ ಸ್ಪೀಕರ್. ತೆಳು ಹಲಗೆ, ಸಂದುಸಂದಿಗೆ ಬಿರುಕು. ತಳದಲ್ಲಿ ಸಡಿಲ ತಂತಿಯಲ್ಲಿ ಕಟ್ಟಿದ ಒಂದು ಕಲ್ಲು. ಡಗ್ಗಾ ಬಾರಿಸಿದಾಗೆಲ್ಲ ಅದೇ ಹಲಗೆಗೆ ಬಡಿದು ಭರ್‍ರ್ ಅನ್ನುತ್ತಿತ್ತು.

ಕಲ್ಲು ಯಾವುದು ಗೊತ್ತೇ? ಒಂದು ಮುಖ ಪಾಲಿಶ್ ಆದ ಕೆಂಪು ಗ್ರಾನೈಟ್. ನಮ್ಮ ಇಳಕಲ್ಲಿನದೇ! ನಮ್ಮೂರಲ್ಲಿ ಹಾದಿಬದಿಗೆ ಬಿಸಾಡುವ ತುಂಡನ್ನು ಬಾಗಲಕೋಟೆಯಿಂದ ಬೆಲೆ ಕೊಟ್ಟು ಹೊತ್ತು ತಂದಿದ್ದೆ.

ಆ ಕಲ್ಲನ್ನೇ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಅಂಗಡಿಯ ಕಟ್ಟೆ ಮೇಲೆ ಧಡಾರನೆ ಇಟ್ಟೆ. ಅವನು ಕಣ್ಣೂ ಮಿಟುಕಿಸಲಿಲ್ಲ.

"ಹಗೂರ ಇದ್ರ ನೀವ ಒಯ್ತಿದ್ರೇನ್ರಿ? ಕಿವಿಲೇ ಕೇಳಿ ತಗೊಳ್ಳೋ ಗಿರಾಕಿ ಇನ್ನೂ ನನ್ನ ಅಂಗಡಿಗೆ ಬಂದಿಲ್ಲ."

ನಮ್ಮ ಹಳೇ ರೇಡಿಯೋ ಆಗಲೇ ಬೇರೆ ಊರಿಗೆ ಹೋಗಿತ್ತಂತೆ. ಬೈದೆ, ಕೂಗಾಡಿದೆ. ಅವನು ದುಡ್ಡು ಬಿಚ್ಚಲಿಲ್ಲ. ತೊಡೆಯ ಮೇಲೆ ಕಲ್ಲಿಟ್ಟುಕೊಂಡು ತಿರುಗಿ ಬಂದೆ.

ರವಿವಾರ ಮಾವ ಬಂದ. ಚಪ್ಪಲಿ ಬಿಡುವ ಮೊದಲೇ ಕೇಳಿದ, "ಹೆಂಗಿತ್ತವಾ ತಂಗಿ, ನನ್ನ ಪದ?"

"ಭಾಳ ಚಲೋ ಇತ್ತಣ್ಣಾ," ಅಂದಳು ಅವ್ವ.

ಸುಳ್ಳು ಹೇಳಿ ಗೊತ್ತಿಲ್ಲದವಳು ನನ್ನಿಂದಾಗಿ ಸುಳ್ಳು ಹೇಳಿದಳು. ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿ, ಕಲ್ಲು ತಂದು ಮುಂದಿಟ್ಟೆ.

ಮಾವ ಕಲ್ಲನ್ನು ಹೊರಳಿಸಿ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಲೇ ಅಳಿಯಾ, ಕಲ್ಲ ಹಾಡತೈತಿ ಅಂತ ತಿಳಿದಿದ್ದೇನ? ಹಂಗಿದ್ರ ನಿಮ್ಮೂರಾಗ ಮಲಗಾಕ ಆಗ್ತಿತ್ತೇನಲೇ?"

ನಗು ನಿಲ್ಲಿಸಿ ಕೆಲಸಕ್ಕೆ ಕೂತ. ಕಲ್ಲನ್ನು ನೆಲಕ್ಕೆ ಊರಿದ. ಅದರ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಖಾಲಿ ಮಣ್ಣಿನ ಕೊಡ. ಕೊಡದ ಬಾಯಿಗೆ ಆ ಒಂದೇ ಸ್ಪೀಕರನ್ನು ಮೇಲ್ಮುಖವಾಗಿ ಕೂರಿಸಿದ. ಅವ್ವನ ಕೈಯಿಂದ ಗೋಧಿ ಕಣಕ ಇಸಿದುಕೊಂಡು ಅಂಚಿನ ಸಂದಿಗೆಲ್ಲ ಮೆತ್ತಿದ.

"ಡಗ್ಗಾಕ್ಕ ಕಣಕ ಹಚ್ಚಂಗಿಲ್ಲೇನು? ಇದೂ ಹಂಗ. ಗಾಳಿ ಸೋರಬಾರದು, ಏನೂ ಅಳ್ಳಾಡಬಾರದು. ಅಷ್ಟ."

ಖಾಲಿ ಕ್ಯಾಸೆಟ್ಟು ಹಾಕಿ ರೆಕಾರ್ಡ್ ಗುಂಡಿ ಒತ್ತಿದೆ. ಮಾವ ಅದೇ ಪದವನ್ನು ಇನ್ನೊಮ್ಮೆ ಹಾಡಿದ. ತಿರುಗಿಸಿ ಹಚ್ಚಿದೆ.

ಮೇಲಿನ ಸ್ವರದಲ್ಲಿ ದನಿ ಕೂದಲೆಳೆಯಷ್ಟು ಒಡೆಯಿತು.

ಅವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. "ಇಂವ ನೋಡು ನಮ್ಮಣ್ಣ," ಅಂದಳು. ಅಣ್ಣ ಪಕ್ಕದಲ್ಲೇ ಕೂತಿದ್ದ, ಅವಳು ನೋಡಿದ್ದು ಕೊಡದ ಕಡೆಗೆ.

ಆದರೆ ಆ ಮಂಗಳವಾರ ತಿರುಗಿ ಬರಲಿಲ್ಲ. ರೇಡಿಯೋದವರು ಮಾವನನ್ನು ಇನ್ನೊಮ್ಮೆ ಕರೆಯಲಿಲ್ಲ.

ಆ ಅಂಗಡಿ ಇದ್ದ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ನನ್ನ ಸಿಟ್ಟು ಮಾತ್ರ ಇನ್ನೂ ಮುಳುಗಿಲ್ಲ.

ಮೊನ್ನೆ ಹುನಗುಂದದ ನೆಂಟರ ಮನೆಯಲ್ಲಿ ಹೊಸ ಸ್ಪೀಕರ್ ತೋರಿಸಿದರು. ಬಣ್ಣಬಣ್ಣದ ಲೈಟು. ಕಿಟಕಿಯ ಗಾಜು ನಡುಗುತ್ತಿತ್ತು. "ಬೇಸ್ ಸೌಂಡ್ ಹೆಂಗೈತಿ ನೋಡ್ರಿ ಕಾಕಾ!" ಅಂದರು. ಹಾಡುವವರು ಗಂಡೋ ಹೆಣ್ಣೋ ಅನ್ನುವುದೂ ನನಗೆ ತಿಳಿಯಲಿಲ್ಲ... ನಲವತ್ತು ವರ್ಷ ಆದರೂ ಮೋಸ ಅದೇ. ಕಲ್ಲಿನ ಜಾಗಕ್ಕೆ ಲೈಟು ಬಂದಿದೆ, ಅಷ್ಟೇ.

ನಿಮ್ಮನ್ನೇ ಕೇಳುತ್ತೇನೆ, ನಿಮ್ಮ ಮನೆಯ ಸ್ಪೀಕರಿನಲ್ಲಿ ನಿಮ್ಮ ಅಣ್ಣನ ದನಿ ಬಂದರೆ, ಅವನೇ ಅಂತ ನಿಮಗೆ ಗುರುತು ಹತ್ತುತ್ತದೆಯೇ?